ಸುರಂಗ ಕೊರದು ಮುಗೀತು, ಸ್ಟೇಷನ್ ಬಾಗಿಲು ಯಾಕ ತೆರೀವಲ್ರು?

ಕೊಪ್ಪಳ_ಡಿಪ್ಲೊಮಾ

ಬೆಂಗಳೂರು ಮೆಟ್ರೊದ ಪಿಂಕ್ ಲೈನ್ ಸುರಂಗದ ಕಡೇ ಬ್ರೇಕ್‌ಥ್ರೂ 2024ರ ಅಕ್ಟೋಬರ್ 30ಕ್ಕ ನಾಗವಾರದಾಗ ಆತು. ಭದ್ರಾ ಅನ್ನೂ ಟಿಬಿಎಂ, ಅಂದ್ರ ಸುರಂಗ ಕೊರಿಯೂ ಮಷೀನು, ಆಚೆ ತುದಿಗೆ ಹೊರಗ ಬಂತು, ಫೋಟೊ ಪೇಪರ್‌ನ್ಯಾಗ ಬಂತು. ಡೇರಿ ಸರ್ಕಲ್‌ದಿಂದ ನಾಗವಾರದ ತನಕ 13.76 ಕಿ.ಮೀ., ನೆಲದಡಿ ಸ್ಟೇಷನ್ 12. ಅಲ್ಲಿಂದ ವರ್ಷ ದಾಟಿದ್ರೂ ಮಂದಿನ ಒಳಗ ಬಿಟ್ಟಿಲ್ಲ. ಫೈನಲ್ ಇಯರ್ ಹುಡುಗ್ರ ಪ್ರಶ್ನೆ ಇದು: ತೂತು ಹೊಡದು ಮುಗದ ಮ್ಯಾಲ ಉಳಿಯೂದು ಟೈಲ್ಸು, ಬಣ್ಣ, ಲೈಟು ಅಷ್ಟ ಅಲ್ಲೇನ್ರಿ ಸರ್?

ನಮ್ಮ ಮೂರು ಜಿಲ್ಲೆದಾಗ (ಕೊಪ್ಪಳ, ಬಳ್ಳಾರಿ, ರಾಯಚೂರು) ಮೆಟ್ರೊ ಇಲ್ಲ ಖರೆ. ಆದ್ರ ಅಂಥಾ ಕೆಲಸ ಗೊತ್ತಿದ್ದವ್ರು ಈ ಗುಂಪಿನ್ಯಾಗ ಭಾಳ ಮಂದಿ ಅದೀರಿ. ಬೋರ್ಡಿನ ಮ್ಯಾಲ ಬರಿಯೂ ಹಂಗ, ಅಂಕಿ ಸಮೇತ ಹೇಳ್ರಿ.

ಗುಡ್ಡದ_ನೆಳ್ಳು, ಬಳ್ಳಾರಿ

ಸರ್, ನಿಮ್ಮ ಹುಡುಗ್ರು ಸುರಂಗದ ತುದೀಗೆ ಸ್ಟೇಷನ್ ಕಟ್ತಾರೆ ಅಂದ್ಕೊಂಡಿದಾರೆ. ಉಲ್ಟಾ ಐತೆ. ಸ್ಟೇಷನ್ ಅನ್ನೋದು ಮೊದಲು ಟಿಬಿಎಂ ಇಳಿಸೋ ಗುಂಡಿ, ಆಮೇಲೆ ಕಲ್ಲು ಮಣ್ಣು ಹೊರಗೆ ಹಾಕೋ ಬಾಯಿ, ಆಮೇಲೆ ಇನ್ನೊಂದು ಟಿಬಿಎಂ ಎತ್ತೋ ಗುಂಡಿ. ಇಷ್ಟೆಲ್ಲ ಮುಗಿದ ಮೇಲೆ ಸ್ಟೇಷನ್. ಊರ್ಜಾ ಮಷೀನು 2020ರ ಜುಲೈನಲ್ಲಿ ಕಂಟೋನ್ಮೆಂಟ್ ಗುಂಡಿಯಿಂದ ಹೊರಟು 2021ರ ಸೆಪ್ಟೆಂಬರ್ 22ಕ್ಕೆ ಶಿವಾಜಿನಗರದಲ್ಲಿ ಎದ್ದಿತು. ಅಷ್ಟೂ ದಿನ ಆ ಎರಡು ಕಡೆ ಸ್ಲ್ಯಾಬಿನಲ್ಲಿ ದೊಡ್ಡ ತೂತು ಬಿಟ್ಟಿರಲೇಬೇಕು. ಇಲ್ಲಂದ್ರೆ ಮಷೀನಿನ ತಲೆ ಎಲ್ಲಿಂದ ಎತ್ತೋದು?

ಬ್ರೇಕ್‌ಥ್ರೂ ಆದ ದಿನ ಸುರಂಗದಲ್ಲಿ ಏನೇನು ಇರ್ತೈತೆ ನೋಡ್ರಿ. ಟಿಬಿಎಂ ಹಿಂದಿನ ಗಾಡಿ ಸಾಲು, ತಾತ್ಕಾಲಿಕ ಹಳಿ, ಗಾಳಿ ಕೊಳವೆ, ನೀರಿನ ಪೈಪು, ಹೈಟೆನ್ಷನ್ ಕೇಬಲ್. ಅದನ್ನೆಲ್ಲ ಬಿಚ್ಚಿ ತೆಗೆದು, ಸೆಗ್ಮೆಂಟ್ (ಸುರಂಗದ ಗೋಡೆಯ ಕಾಂಕ್ರೀಟ್ ತುಂಡು) ಸಂದಿನ ಸೋರಿಕೆಗೆ ಗ್ರೌಟ್ (ತೆಳು ಸಿಮೆಂಟ್ ಗಾರೆ) ಹೊಡೆದು, ತೊಳೀಬೇಕು. ಎರಡು ಸುರಂಗದ ನಡುವೆ ಅಡ್ಡ ದಾರಿ, ಅಂದ್ರೆ ಕ್ರಾಸ್ ಪ್ಯಾಸೇಜ್, ಹೆಚ್ಚೆಂದರೆ 244 ಮೀಟರಿಗೊಂದು ಬೇಕು. ಅದನ್ನ ಟಿಬಿಎಂ ಕೊರೆಯಲ್ಲ. ಸೆಗ್ಮೆಂಟ್ ಕತ್ತರಿಸಿ, ಕಲ್ಲು ಒಡೆದು, ಶಾಟ್‌ಕ್ರೀಟ್ (ಪೈಪಿನಿಂದ ಚಿಮ್ಮಿಸೋ ಕಾಂಕ್ರೀಟ್) ಹೊಡೀತಾ ಒಂದೊಂದು ಮೀಟರ್ ಹೋಗಬೇಕು. ಆಮೇಲೆ ತಳದ ಕಾಂಕ್ರೀಟು. ಆಮೇಲೆ ಮೀಟರಿಗೆ 60 ಕೆ.ಜಿ. ತೂಕದ ಹಳಿ ಇಳಿಸೋದು, ಅದೂ ಅದೇ ಸ್ಲ್ಯಾಬ್ ತೂತಿನಿಂದ. ಹಳಿ ಒಳಗೆ ಹೋದ ಮೇಲೆ ತೂತು ಮುಚ್ಚೋದು, ನೀರು ತಡೆಯೋ ಹಾಳೆ (ಮೆಂಬ್ರೇನ್) ಹಾಕೋದು, ಮಣ್ಣು ತುಂಬೋದು, ರಸ್ತೆ ಮಾಡೋದು. ಎಂ.ಜಿ. ರೋಡ್ ಸ್ಟೇಷನ್‌ಗಾಗಿ ಕಾಮರಾಜ್ ರಸ್ತೆ ವರ್ಷಗಟ್ಟಲೆ ಮುಚ್ಚಿದ್ದು ಇದೇ ಕಾರಣಕ್ಕೆ. ರಸ್ತೆ ಯಾವತ್ತೂ ಕೊನೇ ಕೆಲಸ.

ಸಿರುಗುಪ್ಪ_ಭತ್ತ

ಇದೆಲ್ಲ ಸರಿ. ಮಂತ್ರಿಗಳ ಡೇಟ್ ಸಿಗಲಿಲ್ಲ ಅಂತ ತಡ ಆಗೋದನ್ನ ಯಾಕೆ ಯಾರೂ ಹೇಳಲ್ಲ?

ಗುಡ್ಡದ_ನೆಳ್ಳು, ಬಳ್ಳಾರಿ

ಹೇಳೋಣ ಅಣ್ಣ, ಅದು ಕೊನೇ ಪೋಸ್ಟಿಗೆ ಇರಲಿ. ಅದರಲ್ಲಿ ಹೋಗೋದು ವಾರಗಳು. ನಾವು ಹೇಳ್ತಿರೋದು ತಿಂಗಳುಗಳ ಲೆಕ್ಕ.

ಡಿಪ್ಲೊಮಾ ಸರ್, ನಿಮಗೆ ಬೋರ್ಡಿನ ಲೆಕ್ಕ ಇಲ್ಲಿದೆ. ನೆಲದಡಿ ಸ್ಟೇಷನ್ ಅಂದ್ರೆ ನೀರಲ್ಲಿಟ್ಟ ಖಾಲಿ ಡಬ್ಬ. ಅದು ಮುಳುಗೋ ಭಯ ಇಲ್ಲ, ಏಳೋ ಭಯ.

ಅಳತೆ ಹಿಡೀರಿ: ಉದ್ದ 210 ಮೀ., ಅಗಲ 22 ಮೀ., ತಳದ ಸ್ಲ್ಯಾಬಿನ ಅಡಿ ನೆಲಮಟ್ಟದಿಂದ 17 ಮೀ. ಕೆಳಗೆ, ಮೇಲ್ಚಾವಣಿ ಸ್ಲ್ಯಾಬಿನ ಮೇಲೆ ಎರಡೂವರೆ ಮೀಟರ್ ಮಣ್ಣು. ಮಳೆಗಾಲದಲ್ಲಿ ನೀರಿನ ಮಟ್ಟ ನೆಲದಿಂದ 3 ಮೀ. ಕೆಳಗೆ. ಅಂದ್ರೆ ತಳದ ಮೇಲೆ 14 ಮೀ. ನೀರಿನ ಒತ್ತಡ, ಚದರ ಮೀಟರಿಗೆ 14 ಟನ್ ಮೇಲಕ್ಕೆ ನೂಕ್ತಿರ್ತೈತೆ.

ಕೆಳಕ್ಕೆ ಒತ್ತೋದು ಏನೇನು? ಮೇಲ್ಚಾವಣಿ 1 ಮೀ., ಕಾನ್‌ಕೋರ್ಸ್ (ಟಿಕೆಟ್ ಅಂತಸ್ತಿನ) ಸ್ಲ್ಯಾಬ್ ಅರ್ಧ ಮೀ., ತಳ 1.2 ಮೀ. ಒಟ್ಟು 2.7, ಅದನ್ನ ಒಂದು ಘನ ಮೀಟರ್ ಕಾಂಕ್ರೀಟಿನ ತೂಕ 2.5ರಿಂದ ಗುಣಿಸಿದ್ರೆ ಚದರ ಮೀಟರಿಗೆ 6.75 ಟನ್. ಎರಡು ಗೋಡೆ, ಒಂದೊಂದು ಮೀಟರ್ ದಪ್ಪ, 12.3 ಮೀ. ಎತ್ತರ. ಅಗಲಕ್ಕೆ ಹಂಚಿದರೆ 2.8 ಟನ್. ಎರಡೂ ಸೇರಿ 9.55. ಮೇಲಿನ ಮಣ್ಣು 4.5 ಟನ್. ಒಟ್ಟು 14.05.

ಮೇಲಕ್ಕೆ 14, ಕೆಳಕ್ಕೆ 14.05. ತಕ್ಕಡಿ ಹಿಡಿದಂಗೆ ನಿಂತೈತೆ. ಸುರಕ್ಷತೆಗೆ ಬೇಕಾದ್ದು ಸಾಮಾನ್ಯವಾಗಿ ನೂಕಿನ 1.1 ಪಟ್ಟು, ಅಂದ್ರೆ 15.4. ಕೊರತೆ 1.35 ಟನ್. ಹುಡುಗ್ರು ತಕ್ಷಣ ಅಂತಾರೆ, ತಳದ ಸ್ಲ್ಯಾಬು 54 ಸೆಂ.ಮೀ. ದಪ್ಪ ಮಾಡಿದ್ರೆ ಆಯ್ತಲ್ಲ ಅಂತ. ಬೀಳೋದೇ ಅಲ್ಲಿ. ಮೇಲೆ ರಸ್ತೆ, ನಡುವೆ ರೈಲಿಗೆ ಬೇಕಾದ ಎತ್ತರ, ಎರಡೂ ಅಲ್ಲಾಡಂಗಿಲ್ಲ. ಹಾಗಾಗಿ ದಪ್ಪ ಮಾಡಿದಷ್ಟೂ ಅಗೆತ ಆಳ ಹೋಗ್ತೈತೆ, ನೀರಿನ ನೂಕೂ ಅಷ್ಟೇ ಹೆಚ್ಚತೈತೆ. ಲೆಕ್ಕ ಸರಿಯಾಗಿ ಹಾಕಿದ್ರೆ 96 ಸೆಂ.ಮೀ. ಬೇಕು, ಹತ್ರಹತ್ರ ದುಪ್ಪಟ್ಟು. ಅದಕ್ಕೇ ಡಬ್ಬವನ್ನ ಕೆಳಕ್ಕೆ ಹಿಡಿದಿಡೋ ಟೆನ್ಷನ್ ಪೈಲ್ ಅಥವಾ ಕಲ್ಲಿಗೆ ಆಂಕರ್ ಹಾಕ್ತಾರೆ, ಇಲ್ಲಾ ಡಯಾಫ್ರಮ್ ಗೋಡೆಯ (ಅಗೆಯೋಕೆ ಮುಂಚೆ ಸುತ್ತ ನೆಲದೊಳಗೆ ಎರೆದ ಕಾಂಕ್ರೀಟ್ ಗೋಡೆ) ತೂಕ, ಘರ್ಷಣೆ ಲೆಕ್ಕಕ್ಕೆ ತಗೋತಾರೆ.

ಈಗ ನಿಮ್ಮ ಮೂಲ ಪ್ರಶ್ನೆಗೆ ಬರ್ರಿ. ಮೇಲೆ ಮಣ್ಣು ಬೀಳೋ ತನಕ ಡಬ್ಬದ ತೂಕ 9.55 ಮಾತ್ರ. ತಾತ್ಕಾಲಿಕ ಹಂತಕ್ಕೆ 1.05 ಪಟ್ಟು ಸಾಕು ಅಂದ್ರೂ ತಳದ ಮೇಲೆ 9.1 ಮೀಟರಿಗಿಂತ ಹೆಚ್ಚು ನೀರು ನಿಲ್ಲಂಗಿಲ್ಲ. ಅಂದ್ರೆ ಸುತ್ತಲಿನ ನೀರಿನ ಮಟ್ಟ ನೆಲದಿಂದ ಸುಮಾರು 8 ಮೀ. ಕೆಳಗೇ ಇರೋ ಹಾಗೆ ಹಗಲು ರಾತ್ರಿ ಪಂಪ್ ಹೊಡೀಬೇಕು. ಜನರೇಟರ್ ಕೆಟ್ಟು ನಾಲ್ಕು ದಿನ ಮಳೆ ಹೊಡೆದ್ರೆ ತಳದ ಸ್ಲ್ಯಾಬ್ ಬಿರುಕು ಬಿಡಬಹುದು. "ಸ್ಟ್ರಕ್ಚರ್ ಮುಗೀತು, ಪಂಪ್ ಯಾಕೆ ಇನ್ನೂ ಓಡ್ತಿದೆ, ಬಿಲ್ ಬರ್ತಿದೆ" ಅಂತ ಅಕೌಂಟ್ಸ್‌ನವರು ಕೇಳೋದು ಇದೇ ಹೊತ್ತಲ್ಲಿ.

ಕೊಪ್ಪಳ_ಡಿಪ್ಲೊಮಾ

ಇದು ಬೇಕಾಗಿತ್ತು ನೋಡ್ರಿ. ಒಂದು ಸಂಶಯ. ಬೆಂಗಳೂರು ಗಟ್ಟಿ ಕಲ್ಲಿನ ಊರು, ನಮ್ಮಂಗ. ಬಂಡಿ ಕೊರದ ಗುಂಡಿಗೆ ಇಷ್ಟು ನೀರು ಎಲ್ಲಿಂದ ಬರ್ತೈತಿ?

ಕುಷ್ಟಗಿ_ಕಲ್ಲು

ಕ್ವಾರಿ ನೋಡಿದವ್ರಿಗೆ ಗೊತ್ತೈತಿ. ಬಂಡಿ ಗಟ್ಟಿ, ಬಂಡಿ ನಡುವಿನ ಸೀಳು ಗಟ್ಟಿ ಅಲ್ಲ. ಕ್ವಾರಿ ಕೈಬಿಟ್ಟ ಮ್ಯಾಲ ಎರಡು ಮಳಿಗೆ ಹೊಂಡ ತುಂಬಿ ನಿಲ್ತೈತೆಲ್ಲ, ಅದ ಲೆಕ್ಕ. ಬೆಂಗಳೂರಿನ್ಯಾಗ ಮ್ಯಾಲ ಮಣ್ಣು, ಅದರ ಕೆಳಗ ಕೊಳೆತ ಕಲ್ಲು, ನಡುನಡುವ ಗುಂಡುಬಂಡಿ, ಆಮ್ಯಾಲ ನೈಸ್ ಅನ್ನೂ ಗಟ್ಟಿ ಕಲ್ಲು. ನೀರು ಓಡೂದು ಆ ಕೊಳೆತ ಪದರಿನ್ಯಾಗ. ಗುಂಡಿ ತಗದ್ರ ಅದು ಊರಿನ ಬಾವಿ ಆಗ್ತೈತಿ.

ಹಟ್ಟಿ_ಗಾಳಿ

ಅಗಿಯೋ ಬಗ್ಗೆ ಒಂದು ಮಾತು ಸೇರಸ್ತೀನಿ. ಗಟ್ಟಿ ಕಲ್ಲು ಬಂದ್ಮ್ಯಾಲೆ ಬ್ರೇಕರ್ ಹೊಡದ್ರ ತಿಂಗಳಾನುಗಟ್ಟಲೆ ಹೋಗ್ತದ, ಅದಕ್ಕ ಕಂಟ್ರೋಲ್ಡ್ ಬ್ಲಾಸ್ಟಿಂಗ್ ಮಾಡ್ತಾರ. ಗಣಿ ಸುರಕ್ಷತಾ ನಿರ್ದೇಶನಾಲಯದ ಮಿತಿ ನೆನಪಿಟ್ಕೋರಿ: ಅಕ್ಕಪಕ್ಕದ ವಾಸದ ಮನೀಗೆ ಕಂಪನ 8 ಹರ್ಟ್ಜ್‌ಕಿಂತ ಕಮ್ಮಿ ಇದ್ರ ಸೆಕೆಂಡಿಗೆ 5 ಮಿ.ಮೀ., 8ರಿಂದ 25 ಇದ್ರ 10, ಅದರ ಮ್ಯಾಲೆ 15. ಆದ್ರ ಹಳೇ ಪೇಟೆ ಮನಿಗಳಿಗೆ ಈ ಮಿತಿನೂ ಜಾಸ್ತಿ. ಕಮ್ಮಿ ಮದ್ದು, ಕಮ್ಮಿ ಆಳದ ಕುಳಿ, ಕುಳಿಗೊಂದು ಡಿಲೇ (ಎಲ್ಲಾ ಒಮ್ಮೆಲೇ ಸಿಡಿಯದಂಗ), ಮ್ಯಾಲೆ ರಬ್ಬರ್ ಮ್ಯಾಟು, ಅದರ ಮ್ಯಾಲೆ ಮರಳಿನ ಚೀಲ. ಹಾರೋ ಕಲ್ಲೇ ದೊಡ್ಡ ಅಪಾಯ, ಕಂಪನ ಅಲ್ಲ.

ಕುಷ್ಟಗಿ_ಕಲ್ಲು

ಶಬ್ದ ಆಗಬಾರದು ಅನ್ನೂ ಕಡೆ ಡೈಮಂಡ್ ವೈರ್ ಸಾ, ಅಂದ್ರ ವಜ್ರದ ಮಣಿ ಪೋಣಿಸಿದ ತಂತಿ ಗರಗಸ. ನಾವು ಬ್ಲಾಕ್ ಕೊಯ್ಯೂದು ಅದರಲ್ಲೇ. ನಿಧಾನ, ತುಟ್ಟಿ, ಆದ್ರ ಗೋಡಿ ನೀಟಾಗಿ ನಿಲ್ತೈತಿ.

ಸಂಡೂರು_ಸ್ಕೇಲ್

ಆರ್ಕಿಟೆಕ್ಚರ್ ಕಡೆಯಿಂದ ಯಾರೂ ಮಾತಾಡಿಲ್ಲ. ಸ್ಟೇಷನ್ ಚೆಂದ ಅಂದ್ರೆ ಮುಖ್ಯದ್ವಾರದ ವಿನ್ಯಾಸ, ಗೋಡೆಯ ಮ್ಯೂರಲ್ ಅಂತ ಪೇಪರಿನವರು ಬರೀತಾರೆ. ನನ್ನ ಪ್ರಕಾರ ನೆಲದಡಿ ಸ್ಟೇಷನ್ನಿನ ಆರ್ಕಿಟೆಕ್ಚರ್ ಅಂದ್ರೆ ಮೆಟ್ಟಿಲ ಅಗಲ. ಉಳಿದಿದ್ದೆಲ್ಲ ಅಲಂಕಾರ.

ಲೆಕ್ಕ ಹೀಗೆ. ಬೆಂಕಿ ಬಿದ್ರೆ ಪ್ಲಾಟ್‌ಫಾರ್ಮ್ 4 ನಿಮಿಷದಲ್ಲಿ ಖಾಲಿ ಆಗಬೇಕು, ಅಲ್ಲಿಯ ಕಟ್ಟಕಡೆಯ ಮನುಷ್ಯ 6 ನಿಮಿಷದಲ್ಲಿ ಸುರಕ್ಷಿತ ಜಾಗ ಮುಟ್ಟಬೇಕು. ಇದು ಎನ್‌ಎಫ್‌ಪಿಎ 130 ಅನ್ನೋ ಅಗ್ನಿ ಸುರಕ್ಷತೆ ಮಾನದಂಡ, ನಮ್ಮ ಮೆಟ್ರೊಗಳೂ ಇದನ್ನೇ ಹಿಡಿಯೋದು. 6 ಬೋಗಿ ರೈಲಿನಲ್ಲಿ 1,800 ಜನ, ಪ್ಲಾಟ್‌ಫಾರ್ಮಿನಲ್ಲಿ ಕಾಯ್ತಿರೋರು 400 ಅಂತ ಹಿಡಿಯೋಣ. 2,200 ಜನ, 4 ನಿಮಿಷ, ನಿಮಿಷಕ್ಕೆ 550. 1.8 ಮೀ. ಅಗಲದ ಮೆಟ್ಟಿಲು ನಿಮಿಷಕ್ಕೆ 100 ಜನರನ್ನ ಹತ್ತಿಸುತ್ತೆ. ನಿಂತ ಎಸ್ಕಲೇಟರ್, ಒಂದು ಮೀಟರಿನದು, ಸುಮಾರು 55. ಲಿಫ್ಟ್ ಲೆಕ್ಕಕ್ಕಿಲ್ಲ. ಎಸ್ಕಲೇಟರಿನಲ್ಲೂ ಒಂದು ರಿಪೇರಿಗೆ ಬಿಚ್ಚಿಟ್ಟಿದೆ ಅಂತಲೇ ಲೆಕ್ಕ ಹಾಕಬೇಕು. ನಾಲ್ಕು ಮೆಟ್ಟಿಲು, ನಾಲ್ಕರಲ್ಲಿ ಮೂರು ಎಸ್ಕಲೇಟರು: 400 ಮತ್ತು 165, ಒಟ್ಟು 565. ಪಾಸಾಯ್ತು, 15 ಜನರ ಅಂತರದಲ್ಲಿ.

ಈಗ ಕಲ್ಲಿನ ಕೆಲಸದವರು ಬರ್ತಾರೆ. ಮೆಟ್ಟಿಲ ಎರಡೂ ಬದಿ ಗೋಡೆಗೆ ಕ್ಲ್ಯಾಂಪ್ ಹಾಕಿ ಗ್ರಾನೈಟ್ ನಿಲ್ಲಿಸಿದ್ರೆ ಒಂದೊಂದು ಕಡೆ 100 ಮಿ.ಮೀ. ಹೋಯ್ತು. 1.8 ಇದ್ದಿದ್ದು 1.6. ನಿಮಿಷಕ್ಕೆ 89 ಜನ. ನಾಲ್ಕಕ್ಕೆ 355, ಎಸ್ಕಲೇಟರ್ ಸೇರಿ 520. ಫೇಲು! ಡ್ರಾಯಿಂಗಿನಲ್ಲಿ ಸ್ಟ್ರಕ್ಚರಲ್ ಅಗಲ ಬರೆದು ಫಿನಿಶ್ ಆದ ಮೇಲಿನ ಅಗಲ ಬರೆಯದಿದ್ರೆ ಆಗೋದು ಇದೇ, ಕೊನೇ ತಿಂಗಳಲ್ಲಿ ಹಚ್ಚಿದ ಕಲ್ಲನ್ನ ಕಿತ್ತಿಸೋದು.

ಕುಷ್ಟಗಿ_ಕಲ್ಲು

ಕಲ್ಲಿನವ್ರ ಮ್ಯಾಲ ಹಾಕಬ್ಯಾಡ್ರಿ ಸ್ಕೇಲ್ ಅಣ್ಣಾರ. ಡ್ರಾಯಿಂಗ್ ಕೊಟ್ಟಂಗ ಹಚ್ತೀವಿ.

ಆದ್ರ ಕಲ್ಲಿನ್ಯಾಗ ತಡ ಆಗೂದು ಖರೆ. ಇಳಕಲ್ ಕೆಂಪು ಆಗ್ಲಿ, ಬೂದು ಬಣ್ಣದ್ದಾಗ್ಲಿ, ಒಂದು ಸ್ಟೇಷನ್ನಿಗೆ ಒಂದ ಕ್ವಾರಿಯ ಒಂದ ಪದರಿನ ಬ್ಲಾಕ್ ಹಿಡೀಬೇಕು, ಇಲ್ಲಂದ್ರ ಕಾನ್‌ಕೋರ್ಸ್ ನಡುವ ಬಣ್ಣ ಬದಲಾಗಿ ತ್ಯಾಪಿ ಹಚ್ಚಿದಂಗ ಕಾಣ್ತೈತಿ. ಒಳಗಿನ ನೆಲಕ್ಕ ಪಾಲಿಶ್ ನಡೀತೈತಿ. ಬಾಗಿಲು, ಮೆಟ್ಟಿಲು, ಮಳಿ ನೀರು ಕಾಲಿಗೆ ಹತ್ತಿ ಬರೂ ಜಾಗಕ್ಕ ಫ್ಲೇಮ್ಡ್ ಬೇಕ ಬೇಕು. ಗ್ಯಾಸ್ ಬರ್ನರ್ ಹಿಡದ್ರ ಮ್ಯಾಲಿನ ಪದರು ಸಿಡದು ಒರಟಾಗ್ತೈತಿ, ಕಾಲು ಜಾರಂಗಿಲ್ಲ. 20 ಮಿ.ಮೀ. ಕಲ್ಲಿಗೆ ಫ್ಲೇಮ್ ಹಿಡದ್ರ ಮೂಲಿ ಬಿರಿತಾವ, ಅದಕ್ಕ ಮೆಟ್ಟಿಲಿಗೆ 30 ಮಿ.ಮೀ. ತಗೋತಾರ. ತಿಳಿ ಬಣ್ಣದ ಕಲ್ಲಿನ ಹಿಂದ ಸೀಲರ್ ಬಳೀದೆ ಹಸಿ ಗಾರಿ ಮ್ಯಾಲ ಕೂಡ್ಸಿದ್ರ ಎಣ್ಣಿ ಬಿದ್ದಂಗ ಕಲೆ ಏಳ್ತಾವ, ಪಾಲಿಶ್ ಹೊಡದ್ರೂ ಹೋಗಂಗಿಲ್ಲ. ದೃಷ್ಟಿ ಇಲ್ಲದವ್ರಿಗೆ ಹಾಕೂ 300 ಮಿ.ಮೀ. ಚೌಕದ ಪಟ್ಟಿನ್ಯಾಗ ಗೆರಿ ಇದ್ರ ನಡೀರಿ ಅಂತ, ಗುಬ್ಬಿ ಇದ್ರ ನಿಲ್ರಿ ಅಂತ. ತಿರುವಿನ್ಯಾಗ ಗುಬ್ಬಿ ಹಾಕೂದು ಬಿಟ್ಟು ಗೆರಿ ಹಾಕಿದ್ರ ಮನುಷ್ಯಾ ಸೀದಾ ಕಂಬಕ್ಕ ಹೋಗಿ ಬಡೀತಾನ.

ಕರೆಂಟ್_ಅಕ್ಕ, ರಾಯಚೂರು

ಕಲ್ಲಿನ ಮಾತು ಬಂತಲ್ಲ, ಯಾರೂ ಹೇಳದ ಒಂದು ತೊಡಕು ಇಲ್ಲದ. ಪ್ಲಾಟ್‌ಫಾರ್ಮ್ ಅಂಚಿನ ನೆಲ ಬರೀ ನೆಲ ಅಲ್ಲ, ಅದು ಇನ್ಸುಲೇಟರ್, ಅಂದ್ರ ಕರೆಂಟ್ ತಡೆಯೋ ಪದರು.

ನಮ್ಮ ಮೆಟ್ರೊ ಓಡೋದು 750 ವೋಲ್ಟ್ ಡಿಸಿ ಮ್ಯಾಲೆ, ಪಕ್ಕದ ಮೂರನೇ ಹಳಿಯಿಂದ ಕರೆಂಟ್ ತಗೊಂಡು, ಓಡೋ ಹಳಿಯಿಂದ ವಾಪಸ್ ಕಳಸ್ತದ. ಆ ಹಳಿಯನ್ನ ಬೇಕಂತಲೇ ಅರ್ಥ್ ಮಾಡಂಗಿಲ್ಲ. ಮಾಡಿದ್ರ ಕರೆಂಟ್ ಸೋರಿ ಸ್ಟೇಷನ್ ಕಾಂಕ್ರೀಟಿನೊಳಗಿನ ಕಂಬಿ, ನೀರಿನ ಪೈಪು ಹಿಡ್ಕೊಂಡು ಓಡಿ ಕಬ್ಬಿಣ ತಿನ್ನತದ. ಹಿಂಗಾಗಿ ರೈಲು ನಿಂತಾಗ ಬೋಗಿಗೂ ಸ್ಟೇಷನ್ ಅರ್ಥಿಗೂ ಹತ್ತಾರು ವೋಲ್ಟ್ ವ್ಯತ್ಯಾಸ ಇರಬಹುದು. ಪ್ಲಾಟ್‌ಫಾರ್ಮ್ ಸ್ಕ್ರೀನ್ ಡೋರ್ (ಪ್ಲಾಟ್‌ಫಾರ್ಮ್ ಅಂಚಿಗೆ ನಿಲ್ಲಿಸೋ ಬಾಗಿಲು ಸಾಲು) ಹಾಕಿದಲ್ಲಿ ಮನುಷ್ಯ ಬೋಗಿನೂ ಮುಟ್ತಾನ, ಬಾಗಿಲ ಚೌಕಟ್ಟೂ ಮುಟ್ತಾನ. ಅದಕ್ಕ ಚೌಕಟ್ಟನ್ನ ಹಳಿಗೇ ಜೋಡಿಸಿ, ಕಟ್ಟಡದಿಂದ ಬ್ಯಾರೆ ಮಾಡ್ತಾರ, ಎದುರಿನ ಸುಮಾರು ಎರಡು ಮೀಟರ್ ನೆಲದಡಿ ಇನ್ಸುಲೇಟಿಂಗ್ ಹಾಳೆ ಹಾಸ್ತಾರ. ಮೊದಲ ಹಂತದ ಸುರಂಗ ಸ್ಟೇಷನ್‌ಗಳು ಈ ಬಾಗಿಲಿಲ್ಲದೇ ಶುರು ಆದವು. ಪಿಂಕ್ ಲೈನ್ ಸುರಂಗದ ಸ್ಟೇಷನ್‌ಗಳಿಗೆ ಬಾಗಿಲು ಅವ. ಅಂದ್ರ ಈ ಕೆಲಸ ಪೂರಾ ಹೊಸದಾಗಿ ಕೂಡಿತು.

ಈಗ ಟೆಸ್ಟ್. 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯೋ ಮೀಟರ್) ಹಿಡದು ಚೌಕಟ್ಟು ಮತ್ತ ಅರ್ಥ್ ನಡುವೆ ನೋಡ್ತಾರ, ಸಾಮಾನ್ಯವಾಗಿ ಅರ್ಧ ಮೆಗಾಓಮ್ ಆದ್ರೂ ಬರಬೇಕು. ಬಾಗಿಲು ಕೂಡಿಸಿದ ದಿನ ಚೆಂದ ಬರ್ತದ. ನೆಲ ಹಾಕಿದ ಮರುದಿನ ಸೊನ್ನೆ! ಯಾಕಂದ್ರ ಗಾರಿ ಹಸಿ ಅದ. ಅದು ಒಣಗಿದ ಮ್ಯಾಲೂ ಬರಲಿಲ್ಲ ಅಂದ್ರ ಹುಡುಕೋದು ಶುರು. ಸ್ಟೀಲ್ ಸ್ಕರ್ಟಿಂಗ್ ತುದಿ ಚೌಕಟ್ಟಿಗೆ ತಾಗಿರ್ತದ. ಗ್ರೌಟ್ ಹಾಳೆ ಅಂಚು ದಾಟಿ ಹರಿದಿರ್ತದ. ಕಂಡ್ಯೂಟ್ ಸ್ಕ್ರೂ ಹಾಳೆ ತೂತು ಮಾಡಿರ್ತದ. ನೆಲ ಒರೆಸೋರು ಬಕೆಟ್ ನೀರು ಸುರುವಿದ್ರೂ ಓದಿಕೆ ಬೀಳ್ತದ. ಬಾಗಿಲು ಸಾಲನ್ನ ತುಂಡು ತುಂಡಾಗಿ ಬಿಚ್ಚಿ, ಅರ್ಧ ಅರ್ಧ ಮಾಡ್ತಾ ಹುಡುಕಬೇಕು. ಒಂದು ಸ್ಟೇಷನ್ನಿಗೆ ವಾರಗಟ್ಟಲೆ ಹಿಡೀತದ, ಹೊರಗಿಂದ ನೋಡಿದವರಿಗೆ "ಎಲ್ಲಾ ಮುಗದಾದಲ್ಲ" ಅಂತ ಕಾಣ್ತದ.

ಕೊಪ್ಪಳ_ಡಿಪ್ಲೊಮಾ

ಅಕ್ಕಾರ, ಹಂಗಾದ್ರ ಕಂಬಿ ಕಟ್ಟೂ ಹಂತಕ್ಕ ಏನರ ಮಾಡಬೇಕೇನ್ರಿ ಈ ಸೋರೂ ಕರೆಂಟಿಗೆ?

ಕರೆಂಟ್_ಅಕ್ಕ, ರಾಯಚೂರು

ಹೌದ್ರಿ ಸರ್. ಹಳಿ ಕೆಳಗಿನ ಕಾಂಕ್ರೀಟಿನ ಕಂಬಿ ಬೈಂಡಿಂಗ್ ವೈರ್ ಕಟ್ಟಿದ್ರ ಸಾಲದು, ಗೊತ್ತು ಮಾಡಿದ ಕಡ್ಡಿಗಳನ್ನ ವೆಲ್ಡ್ ಮಾಡಿ ಒಂದೇ ಜಾಲ ಮಾಡ್ಬೇಕು, ಹೊರಗೆ ಟರ್ಮಿನಲ್ ಬಿಡ್ಬೇಕು. ಸೋರಿದ್ದನ್ನ ಆ ಜಾಲ ಹಿಡದು ಸಬ್‌ಸ್ಟೇಷನ್ನಿಗೆ ವಾಪಸ್ ಕೊಡ್ತದ. ವೆಲ್ಡ್ ತಪ್ಪಿದ್ರ ಕಾಂಕ್ರೀಟ್ ಹಾಕಿದ ಮ್ಯಾಲೆ ದೇವರೇ ಗತಿ. ಅದಕ್ಕ ಕಾಂಕ್ರೀಟಿಗೆ ಮೊದಲೇ ಕಂಟಿನ್ಯುಟಿ (ಜಾಲ ಎಲ್ಲೂ ತುಂಡಾಗಿಲ್ಲ ಅಂತ) ನೋಡಿ ಸಹಿ ಹಾಕಿಸ್ಕೋಬೇಕು.

ಹಟ್ಟಿ_ಗಾಳಿ

ಗಾಳಿಗೆ ಬರ್ತೀನಿ. ಗಣಿಗೂ ಮೆಟ್ರೊಗೂ ವ್ಯತ್ಯಾಸ ಇಷ್ಟ: ಗಣಿಗೆ ಇಳಿಯೋರಿಗೆ ಕ್ಯಾಪ್ ಲ್ಯಾಂಪ್ ಅದ, ತರಬೇತಿ ಅದ, ದಾರಿ ಗೊತ್ತದ. ಮೆಟ್ರೊಕ್ಕ ಇಳಿಯೋದು ಅಜ್ಜಿ, ಹೆಗಲ ಮ್ಯಾಲೆ ಮಗ, ಕೈಯಾಗ ಚೀಲ. ಹೊಗೆ ಯಾವ ಕಡೆ ಹೋಗ್ಬೇಕು ಅಂತ ನಾವೇ ಮೊದಲೇ ತೀರ್ಮಾನಿಸಿ ಇಟ್ಟಿರಬೇಕು.

ಸ್ಟೇಷನ್ನಿನ ಎರಡೂ ತುದಿಗೆ ದೊಡ್ಡ ಟನಲ್ ಫ್ಯಾನ್ ಇರ್ತಾವ, ಎರಡೂ ದಿಕ್ಕಿಗೆ ತಿರುಗೋವು, 250 ಡಿಗ್ರಿ ಶಾಖದಾಗೂ ಕನಿಷ್ಠ ಒಂದು ತಾಸು ಓಡಬೇಕು. ಸುರಂಗದ ನಡುವ ರೈಲಿಗೆ ಬೆಂಕಿ ಬಿತ್ತು ಅಂದ್ರ ಒಂದು ಸ್ಟೇಷನ್ ಗಾಳಿ ನೂಕ್ತದ, ಮುಂದಿನ ಸ್ಟೇಷನ್ ಎಳೀತದ. ಮಂದಿ ಗಾಳಿಗೆ ಎದುರಾಗಿ ನಡದು ಬರಬೇಕು. ಸೆಕೆಂಡಿಗೆ ಎರಡು, ಎರಡೂವರೆ ಮೀಟರ್ ವೇಗ ಬರದಿದ್ರ ಹೊಗೆ ಛಾವಣಿ ಹಿಡ್ಕೊಂಡು ವಾಪಸ್ ಮಂದಿ ತಲೀ ಮ್ಯಾಲೆ ಬರ್ತದ. ಎರಡನೇ ಹಂತದ ಸುರಂಗದ ಒಳ ವ್ಯಾಸ 5.8 ಮೀ. ತಳದ ಕಾಂಕ್ರೀಟ್ ಕಳದ್ರ ಸುಮಾರು 22 ಚದರ ಮೀಟರ್ ಖಾಲಿ ಉಳೀತದ. ಎರಡೂವರೆಯಿಂದ ಗುಣಿಸ್ರಿ, ಸೆಕೆಂಡಿಗೆ 55 ಘನ ಮೀಟರ್ ಗಾಳಿ. ಇದು ಸುರಂಗದಾಗ ಬೇಕಾದ್ದು. ದಾರಿಯಾಗ ಸೋರಿ ಹೋಗೋದು ಬ್ಯಾರೆ, ಅದಕ್ಕ ಫ್ಯಾನ್ ಇನ್ನೂ ದೊಡ್ಡದು ಬೇಕು.

ಕೆಡೋದು ಎಲ್ಲಿ? ಫ್ಯಾನ್ ಕೆಡಂಗಿಲ್ಲ, ಡ್ಯಾಂಪರ್, ಅಂದ್ರ ಗಾಳಿ ದಾರಿಯ ಕದ, ಕೆಡ್ತದ. ಕದ ಅರ್ಧ ತೆರದಾಗಲೇ ಅದರ ಲಿಮಿಟ್ ಸ್ವಿಚ್ "ಪೂರಾ ತೆರದೀನಿ" ಅಂತ ಸಿಗ್ನಲ್ ಕೊಡ್ತದ. ಕಂಟ್ರೋಲ್ ರೂಮಿನ ಪರದೆ ಮ್ಯಾಲೆ ಹಸಿರು, ಸುರಂಗದಾಗ ಗಾಳಿ ಇಲ್ಲ. ಇನ್ನೊಂದು, ಕೇಬಲ್ ಜೋಡಿಸುವಾಗ ಎರಡು ಫೇಸ್ ಅದಲುಬದಲಾದ್ರ ಫ್ಯಾನ್ ಉಲ್ಟಾ ತಿರುಗ್ತದ. ಎಳೀ ಅಂದ್ರ ನೂಕ್ತದ! ಪರದೆಗೆ ಇದೂ ಗೊತ್ತಾಗಂಗಿಲ್ಲ. ಮನುಷ್ಯಾನೇ ಹೋಗಿ, ಕೈಯಾಗ ಗಾಳಿ ವೇಗ ಅಳೆಯೋ ಅನಿಮೋಮೀಟರ್ ಹಿಡದು, ಸುರಂಗದ ಅಡ್ಡಕ್ಕ ಹತ್ತಾರು ಬಿಂದು ಅಳದು ಸರಾಸರಿ ತಗೀಬೇಕು. ಎರಡು ಸ್ಟೇಷನ್ ನಡುವಿನ ಪ್ರತಿ ಸುರಂಗಕ್ಕ, ಪ್ರತಿ ದಿಕ್ಕಿಗೆ, ಪ್ರತಿ ಬೆಂಕಿ ಸನ್ನಿವೇಶಕ್ಕ ಬ್ಯಾರೆ ಬ್ಯಾರೆ. ಪಕ್ಕದ ಸ್ಟೇಷನ್ ರೆಡಿ ಇಲ್ಲಂದ್ರ ಈ ಸ್ಟೇಷನ್ ಟೆಸ್ಟ್ ಮಾಡಾಕೇ ಬರಂಗಿಲ್ಲ. ಒಂದು ಸ್ಟೇಷನ್ ಹಿಂದ ಬಿದ್ರ ಸಾಲೇ ನಿಲ್ಲೋದು ಇದಕ್ಕ.

ಸಿರುಗುಪ್ಪ_ಭತ್ತ

ನೀರು ಒಳಗೆ ನುಗ್ಗೋದರ ಬಗ್ಗೆ? ನಮ್ಮ ಕಡೆ ರೈಲ್ವೆ ಅಂಡರ್‌ಬ್ರಿಡ್ಜ್‌ಗಳು ಒಂದು ಮಳೆಗೆ ಕೆರೆ ಆಗ್ತಾವೆ. ಇದು 17 ಮೀಟರ್ ಆಳ.

ಸಂಡೂರು_ಸ್ಕೇಲ್

ಅಂಡರ್‌ಬ್ರಿಡ್ಜ್ ತಪ್ಪು ಏನಂದ್ರೆ ರಸ್ತೆ ನೀರು ಸೀದಾ ಒಳಗೆ ಇಳಿಯೋ ಹಾಗೆ ಕಟ್ಟಿರೋದು. ಮೆಟ್ರೊ ಬಾಗಿಲಿಗೆ ನೀವು ಮೊದಲು ಹತ್ತಬೇಕು, ಆಮೇಲೆ ಇಳೀಬೇಕು. ರಸ್ತೆಯಿಂದ 150 ಮಿ.ಮೀ. ಎತ್ತರದ ಮೂರ್ನಾಲ್ಕು ಮೆಟ್ಟಿಲು, ಅಂದ್ರೆ 450ರಿಂದ 600 ಮಿ.ಮೀ. ಆ ಜಾಗದ ಹಳೇ ಪ್ರವಾಹದ ಮಟ್ಟ ಹೆಚ್ಚಿದ್ರೆ ಅದಕ್ಕಿಂತ ಮೇಲೆ. ಬಾಗಿಲ ಎರಡೂ ಬದಿ ಸ್ಟೀಲ್ ಚಾನೆಲ್ ಇರುತ್ತೆ, ಹಲಗೆ ಇಳಿಸಿ ನೀರು ತಡೆಯೋಕೆ. ವೀಲ್‌ಚೇರ್ ಇಳಿಜಾರಿಗೂ ಅದೇ ಎತ್ತರ ದಾಟಿಸಬೇಕು, 1ಕ್ಕೆ 12ರಂತೆ 600 ಮಿ.ಮೀ.ಗೆ 7.2 ಮೀ. ಉದ್ದ. ಫುಟ್‌ಪಾತಿನಲ್ಲಿ ಆ ಜಾಗ ಸಿಗದೆ "ಒಂದು ಮೆಟ್ಟಿಲು ಕಮ್ಮಿ ಮಾಡಿ" ಅನ್ನೋರು ಬರ್ತಾರೆ. ಮಾಡಬಾರದು. ಇನ್ನೊಂದು ಮೋಸ: ಸ್ಟೇಷನ್ ತೆರೆದ ಮೇಲೆ ರಸ್ತೆಗೆ ಡಾಂಬರ್ ಮೇಲೆ ಡಾಂಬರ್ ಹಾಕ್ತಾ ಹೋದ್ರೆ ನಾಲ್ಕು ಮೆಟ್ಟಿಲು ಮೂರಾಗುತ್ತೆ.

ಮುಂಬೈನಲ್ಲಿ ಆಚಾರ್ಯ ಅತ್ರೆ ಚೌಕ ಸ್ಟೇಷನ್ನು 2025ರ ಮೇ ತಿಂಗಳಲ್ಲಿ ತೆರೆಯಿತು, ಅದೇ ತಿಂಗಳ 26ರ ಮಳೆಗೆ ನೀರು ನುಗ್ಗಿತು. ನುಗ್ಗಿದ್ದು ಬಳಕೆಯಲ್ಲಿದ್ದ ಬಾಗಿಲಿಂದ ಅಲ್ಲ, ಇನ್ನೂ ಕಟ್ಟುತ್ತಿದ್ದ ಬಾಗಿಲಿನ ಕಡೆಯಿಂದ, ಅಲ್ಲಿನ ತಡೆಗೋಡೆ ಕುಸಿದು. ನಾಲ್ಕು ಬಾಗಿಲಲ್ಲಿ ಎರಡು ರೆಡಿ ಇದ್ರೆ ಸ್ಟೇಷನ್ ತೆರೀಬಹುದು ಅನ್ನೋ ವಾದ ಇದೆ, ನಡೆಯುತ್ತೆ ಕೂಡ. ಆದ್ರೆ ಉಳಿದ ಎರಡು ಗುಂಡಿಗಳ ಮತ್ತು ಸ್ಟೇಷನ್ನಿನ ನಡುವೆ ತಾತ್ಕಾಲಿಕ ಅಂತ ಎಬ್ಬಿಸಿದ ಗೋಡೆಯನ್ನ ನೀರಿನ ಒತ್ತಡಕ್ಕೆ ಡಿಸೈನ್ ಮಾಡಿರಬೇಕು. ಇಟ್ಟಿಗೆ ಗೋಡೆ ಸಾಲದು.

ಗುಡ್ಡದ_ನೆಳ್ಳು, ಬಳ್ಳಾರಿ

ಇದಕ್ಕೆ ಸೇರಿಸ್ತೀನಿ. ಒಳಗೆ ಬಂದ ನೀರು ಸ್ಟೇಷನ್ನಿನಲ್ಲಿ ನಿಲ್ಲಬಾರದು ಅಂತ ಹಳಿಯನ್ನ ಸ್ಟೇಷನ್ ಹತ್ರ ಗುಡ್ಡ, ನಡುವೆ ತಗ್ಗು ಅನ್ನೋ ಹಾಗೆ ಇಡೋಕೆ ನೋಡ್ತಾರೆ. ಸ್ಟೇಷನ್ ಒಳಗೆ ಇಳಿಜಾರು ಸಾವಿರಕ್ಕೆ ಒಂದು, ಹತ್ರಹತ್ರ ಸಮ. ಬರೋ ರೈಲು ಏರ್ತಾ ತಾನೇ ನಿಧಾನ ಆಗ್ತೈತೆ, ಹೋಗೋ ರೈಲು ಇಳೀತಾ ವೇಗ ತಗೋತೈತೆ, ಕರೆಂಟೂ ಉಳಿತಾಯ. ನಡುವಿನ ತಗ್ಗಿನಲ್ಲಿ ಸಂಪು, ಅಲ್ಲಿ ಓಡೋ ಪಂಪಿನ ಜೊತೆ ಸ್ಟ್ಯಾಂಡ್‌ಬೈ ಪಂಪು. ಎಷ್ಟೋ ಕಡೆ ಅದೇ ತಗ್ಗಿಗೇ ಕ್ರಾಸ್ ಪ್ಯಾಸೇಜ್ ಇಟ್ಟು ಅದರ ಅಡಿಯಲ್ಲಿ ಸಂಪ್ ಮಾಡ್ತಾರೆ.

ಸೋರಿಕೆ ಬಗ್ಗೆ: ಸ್ಟೇಷನ್ ಡಬ್ಬ ಸೋರೋದು ಸ್ಲ್ಯಾಬ್ ನಡುವೆ ಅಲ್ಲ, ಗೋಡೆ ಮತ್ತು ಸ್ಲ್ಯಾಬ್ ಕೂಡೋ ಗೆರೆಯಲ್ಲಿ. ಅಲ್ಲಿ ನೀರು ತಾಗಿದ್ರೆ ಉಬ್ಬೋ ಪಟ್ಟಿ, ಜೊತೆಗೆ ಆಮೇಲೆ ಗ್ರೌಟ್ ಹೊಡೆಯೋಕೆ ತೂತಿನ ಕೊಳವೆ ಇಡಬೇಕು. ಪಟ್ಟಿಯನ್ನ ಮಳೆಗೆ ಮುಂಚೆಯೇ ಬಿಡಿಸಿಟ್ಟು, ಕಾಂಕ್ರೀಟ್ ಹಾಕೋದರೊಳಗೆ ಅದು ಉಬ್ಬಿ ಮುಗಿದಿದ್ರೆ ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ. ಮತ್ತೊಂದು ಕಾರಣ ಶಾಖ. 1.2 ಮೀ. ದಪ್ಪದ ಸ್ಲ್ಯಾಬಿನ ಹೊಟ್ಟೆ 70 ಡಿಗ್ರಿ ದಾಟಬಾರದು, ಹೊಟ್ಟೆಗೂ ಮೈಗೂ 20 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬರಬಾರದು. ಸಿಮೆಂಟಿನ ಒಂದು ಪಾಲು ತೆಗೆದು ಹಾರುಬೂದಿ ಇಲ್ಲಾ ಉಕ್ಕಿನ ಕುಲುಮೆಯ ಸ್ಲ್ಯಾಗ್ ಪುಡಿ ಹಾಕೋದು ಇದಕ್ಕೇ. ನಮ್ಮ ಶಕ್ತಿನಗರದ ಬೂದಿ, ತೋರಣಗಲ್ಲಿನ ಸ್ಲ್ಯಾಗ್ ಎಂಥಾ ಮಾಲು ಅಂತ ನಿಮ್ಮ ಹುಡುಗ್ರಿಗೆ ಹೇಳ್ರಿ, ಕಸ ಅಂದ್ಕೊಂಡಿರ್ತಾರೆ.

ಕರೆಂಟ್_ಅಕ್ಕ, ರಾಯಚೂರು

ಭತ್ತದ ಅಣ್ಣಾವರ ಡೇಟಿನ ಪ್ರಶ್ನೆ ಉಳೀತಲ್ಲ, ನಾನೇ ಹೇಳಿಬಿಡ್ತೀನಿ.

ಎಲ್ಲಾ ಕಟ್ಟಿ ಮುಗಿದ ಮ್ಯಾಲೆ ಕಾಗದದ ಸಾಲು ಹಿಂಗದ. ಮೊದಲು ಒಂದೊಂದು ವ್ಯವಸ್ಥೆ ತನ್ನಷ್ಟಕ್ಕ ತಾನು ಪಾಸಾಗಬೇಕು. ಆಮ್ಯಾಲೆ ಎಲ್ಲಾ ಕೂಡಿಸಿ ಟೆಸ್ಟ್. ಬೆಂಕಿ ಅಲಾರಾಂ ಹೊಡೀತು ಅಂದ್ರ ಟಿಕೆಟ್ ಗೇಟ್ ತಾನೇ ತೆರೀಬೇಕು, ಲಿಫ್ಟ್ ನೆಲಮಟ್ಟಕ್ಕ ಬಂದು ಬಾಗಿಲು ತೆರದು ನಿಲ್ಲಬೇಕು, ಎಸಿ ಬಂದ್ ಆಗಿ ಹೊಗೆ ಫ್ಯಾನ್ ಹತ್ತಬೇಕು, ಮೈಕಿನಾಗ ಸೂಚನೆ ಬರಬೇಕು, ಅದೂ ಮುಖ್ಯ ಕರೆಂಟ್ ಕಿತ್ತಾಗ. ಇದರಾಗ ನಾಲ್ಕು ಕಂಪನಿಗಳ ಸಾಫ್ಟ್‌ವೇರ್ ಒಂದಕ್ಕೊಂದು ಮಾತಾಡಬೇಕು, ಒಂದರ ಮಾತು ಇನ್ನೊಂದಕ್ಕ ತಿಳಿಯಂಗಿಲ್ಲ, ಜಗಳ ಅಲ್ಲೇ. ಲಿಫ್ಟ್, ಎಸ್ಕಲೇಟರಿಗೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ. ಅಗ್ನಿಶಾಮಕ ಇಲಾಖೆಯ ಒಪ್ಪಿಗೆ. ಆರ್‌ಡಿಎಸ್‌ಒ (ರೈಲ್ವೆಯ ಸಂಶೋಧನಾ ಸಂಸ್ಥೆ) ಕಡೆಯಿಂದ ರೈಲಿನ ಓಲಾಟದ ಪರೀಕ್ಷೆ ಮತ್ತ ವೇಗದ ಸರ್ಟಿಫಿಕೇಟ್. ಸಿಗ್ನಲಿಂಗಿಗೆ ಹೊರಗಿನ ಸ್ವತಂತ್ರ ಸುರಕ್ಷತಾ ಪರೀಕ್ಷಕರ ಸಹಿ. ಇಷ್ಟೂ ಕಟ್ಟು ಹೊತ್ಕೊಂಡು ಮೆಟ್ರೊ ರೈಲು ಸುರಕ್ಷತಾ ಆಯುಕ್ತರ ಹತ್ರ ಹೋಗಬೇಕು. ಅವರು ಮೆಟ್ರೊ ಕಂಪನಿಗೆ ಸೇರಿದವರಲ್ಲ, ನಗರಾಭಿವೃದ್ಧಿ ಇಲಾಖೆಗೂ ಸೇರಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗ ಬರ್ತಾರ. ಬೇಕಂತಲೇ ಹಂಗ ಇಟ್ಟದ್ದು. 2002ರ ಮೆಟ್ರೊ ರೈಲ್ವೆ ಕಾಯ್ದೆ ಪ್ರಕಾರ ಆ ತಪಾಸಣೆ ಇಲ್ಲದ ಒಬ್ಬ ಪ್ರಯಾಣಿಕನನ್ನೂ ಹತ್ತಿಸಂಗಿಲ್ಲ.

ಅವರು ಬಂದಾಗ ಫೈಲ್ ಅಷ್ಟೇ ನೋಡಂಗಿಲ್ಲ. ಟ್ರಾಲಿ ಮ್ಯಾಲೆ ಹಳಿ ಉದ್ದಕ್ಕೂ ಹೋಗ್ತಾರ, ಪ್ಲಾಟ್‌ಫಾರ್ಮಿನ ತುರ್ತು ಗುಂಡಿ ಒತ್ತಸ್ತಾರ, ಪ್ಲಾಟ್‌ಫಾರ್ಮ್ ಅಂಚಿನ ಅಳತೆ ಹಿಡಸ್ತಾರ. ಆಮ್ಯಾಲೆ ಒಪ್ಪಿಗೆ ಬರ್ತದ, ಸುಮ್ನೆ ಬರಂಗಿಲ್ಲ, ಷರತ್ತಿನ ಪಟ್ಟಿ ಸಮೇತ. ಕೆಲವು ತೆರೆಯೋಕೆ ಮೊದಲೇ ತೀರಿಸಬೇಕು, ಕೆಲವು ಇಷ್ಟು ದಿನದೊಳಗ ಅಂತ.

ಇದಾದ ಮ್ಯಾಲೆ ಕೂತಿದ್ರ ಅದು ನಿಮ್ಮ ಡೇಟಿನ ತಡ, ಅಣ್ಣಾವರ. ಒಪ್ಪಿಗೆ ಪತ್ರ ಕೈಯಾಗ ಅದ, ಷರತ್ತೂ ತೀರ್ಯಾವ, ಆದ್ರೂ ರಿಬ್ಬನ್ ಕತ್ತರಿ ಕಾಯ್ತದ ಅಂದ್ರ ಬೈರಿ, ನಾನೂ ಕೂಡ್ಕೋತೀನಿ. ಅದಕ್ಕಿಂತ ಮೊದಲಿಂದಕ್ಕ ಬೈಬ್ಯಾಡ್ರಿ.

ಸಿರುಗುಪ್ಪ_ಭತ್ತ

ಸರಿ ಬಿಡ್ರಿ ಅಕ್ಕ, ಅರ್ಧ ಒಪ್ಪಿದೆ.

ಹಟ್ಟಿ_ಗಾಳಿ

ಉಳಿದರ್ಧ ಟಿಕೆಟ್ ದರ ಬಂದಾಗ.

ಕೊಪ್ಪಳ_ಡಿಪ್ಲೊಮಾ

ಎಲ್ಲಾರಿಗೂ ಶರಣ್ರಿ. ಸೋಮವಾರ ಬೋರ್ಡಿನ ಮ್ಯಾಲ ಎರಡ ಅಂಕಿ ಬರದು ಬಿಡ್ತೀನಿ, 9.55 ಮತ್ತ 14. ಡಿವಾಟರಿಂಗ್ ಪಂಪ್ ಯಾವತ್ತು ಬಂದ್ ಮಾಡ್ಬೇಕು ಅಂತ ಹುಡುಗ್ರ ಹೇಳ್ಲಿ.

ಗುಡ್ಡದ_ನೆಳ್ಳು, ಬಳ್ಳಾರಿ

ಪಕ್ಕದಲ್ಲಿ "ಮಳೆಗಾಲದ ನೀರಿನ ಮಟ್ಟ, ನೆಲದಿಂದ 3 ಮೀ. ಕೆಳಗೆ" ಅಂತನೂ ಬರೀರಿ ಸರ್. ಬರೀಲಿಲ್ಲಂದ್ರೆ ಯಾರಾದ್ರೂ ಒಬ್ಬ ಏಪ್ರಿಲ್‌ನಲ್ಲಿ ಬೋರು ನೋಡಿ 12 ಮೀ. ಅಂತ ಹಿಡೀತಾನೆ, ಪಂಪ್ ಇವತ್ತೇ ಬಂದ್ ಮಾಡಬಹುದು ಅಂತ ಉತ್ತರ ಬರ್ತೈತೆ.